ಗೋಡೆಗೂ ಮಾರ್ಜಿನ್ ಬಿಟ್ಟವಳು

ಮಾರ್ಚ್ 3, ಸೋಮವಾರ

ಆಯಿತು, ತೀರ್ಮಾನವಾಯಿತು. ಹಜಾರದ ನಡುವೆ ಗೋಡೆ ಬರುತ್ತದೆ. ಇಟ್ಟಿಗೆಯದಲ್ಲ, ಮಹಡಿಯ ಮೇಲೆ ಅಷ್ಟು ಭಾರ ಹೇರಬಾರದಂತೆ. ತಗಡಿನ ಚೌಕಟ್ಟು ನಿಲ್ಲಿಸಿ ಎರಡೂ ಪಕ್ಕಕ್ಕೆ ಜಿಪ್ಸಮ್ ಬೋರ್ಡು ಹೊಡೆಯುವುದು, ನಡುವೆ ಸದ್ದು ತಡೆಯಲು ಉಣ್ಣೆಯಂಥದ್ದೇನೋ ತುರುಕುವುದು. ಡ್ರೈವಾಲ್ ಅನ್ನುತ್ತಾರೆ. ಆ ಕಡೆ ಮೈದುನ, ಅವನ ಮಹಾರಾಣಿ. ಈ ಕಡೆ ನಾನು, ನಮ್ಮವರು, ನನ್ನ ಹೊಲಿಗೆ ಮಿಷನ್ನು. ದೇವರೇ, ಆ ದಿನ ಯಾವಾಗ ಬರುತ್ತದೋ!

ನನ್ನದೇನು ತಪ್ಪು? ಮೈದುನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಾನೆ, ಸರಿ. ಅದಕ್ಕೆ ಊರಿನವರ ಬಟ್ಟೆ ಹೊಲಿಯುವವಳು ಮಿಷನ್ ನಿಲ್ಲಿಸಿ ಕೂರಲೇ? ಮಹಾರಾಣಿ ಕೇಕು ಮಾಡಿ ಮಾರುವವಳು, ಬೆಳಕು ಹರಿಯುವ ಮುಂಚೆಯೇ ಮಿಕ್ಸರ್ ಗುರ್ರೆನಿಸುತ್ತಾಳಲ್ಲ, ಅದು ಸಂಗೀತವೇ? ನಮ್ಮವರದೂ ಸ್ವಲ್ಪ ಜಾಸ್ತಿಯೇ, ಒಪ್ಪುತ್ತೇನೆ. ಶಾಲೆಯ ಬಸ್ಸು ಓಡಿಸಿ, ಮಕ್ಕಳ ಕಿರುಚಾಟಕ್ಕೆ ಕಿವಿ ಮಂದವಾಗಿ, ಟಿವಿ ಹಾಕಿದರೆ ಕೆಳಗಿನ ಚಪ್ಪಲಿ ಅಂಗಡಿಯವನಿಗೂ ವಾರ್ತೆ ಗೊತ್ತಾಗುತ್ತದೆ. ಹೋದ ತಿಂಗಳು ಮೈದುನ ರಿಮೋಟನ್ನು ಫ್ರಿಜ್ಜಿನಲ್ಲಿ ಬಚ್ಚಿಟ್ಟ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಅತ್ತೆ ಗೋಡೆಗೆ ಬೇಡ ಅನ್ನಲಿಲ್ಲ. ಅವರ ಮಂಚ ಯಾವ ಕಡೆ ಎಂಬ ಮಾತು ಬಂದಾಗ ನಾನು, "ಆ ಕಡೆ ಗಾಳಿ ಚೆನ್ನಾಗಿ ಬರುತ್ತೆ ಅತ್ತೆ" ಅಂದೆ. ಮಹಾರಾಣಿ, "ಅಕ್ಕನ ಕಡೆ ಬೆಳಕು ಜಾಸ್ತಿ ಅತ್ತೆ" ಅಂದಳು. ಅತ್ತೆ ಗಾಳಿಯನ್ನೂ ಬೆಳಕನ್ನೂ ಕೇಳಿಸಿಕೊಂಡು ಎದ್ದು ಚೀಲ ತುಂಬಿದರು.

"ಮಗಳ ಮನೆಗೆ ಹೋಗ್ತೀನಿ. ಮುಂದಿನ ತಿಂಗಳ ಮೊದಲ ಭಾನುವಾರ ಬರ್ತೀನಿ. ಅಷ್ಟರಲ್ಲಿ ಗೋಡೆ ಆಗಿರ್ಬೇಕು, ನನ್ನ ಮಂಚಕ್ಕೊಂದು ಜಾಗ ಆಗಿರ್ಬೇಕು. ಇಲ್ಲಾಂದ್ರೆ ಮನೆ ಮಾರಿ ಇಬ್ಬರ ಪಾಲು ಇಬ್ಬರಿಗೆ ಕೊಟ್ಟು ಕೈ ತೊಳ್ಕೋತೀನಿ. ದಲ್ಲಾಳಿಗೂ ಹೇಳಾಗಿದೆ."

ಮನೆ ಅವರ ಹೆಸರಿನಲ್ಲಿದೆ. ಹೇಳಿದರೆ ಮಾಡುವವರೇ. ಮನೆ ಹೋದರೆ ಇಷ್ಟು ವರ್ಷ ಕಟ್ಟಿಕೊಂಡ ಗಿರಾಕಿಗಳೂ ಹೋದ ಹಾಗೆ, ಬೇರೆ ಬೀದಿಯಲ್ಲಿ ನನ್ನನ್ನು ಯಾರು ಹುಡುಕಿಕೊಂಡು ಬರುತ್ತಾರೆ? ಗೋಡೆ ಆಗಲೇಬೇಕು. ಮಂಚ ಆ ಕಡೆ ಹೋಗಲಿ. ಇಪ್ಪತ್ತು ವರ್ಷ ನಾನು ನೋಡಿಕೊಂಡಿಲ್ಲವೇ?

ಮಾರ್ಚ್ 5, ಬುಧವಾರ

ಮೇಸ್ತ್ರಿ ಬಂದ. ಗೋಡೆ ಎಲ್ಲಿ ಬರಬೇಕೆಂದು ಅಳೆಯುವುದರಲ್ಲೇ ಬೆಳಗು ಕಳೆಯಿತು. ನನ್ನ ಟೇಪಿನ ಪ್ರಕಾರ ಮಧ್ಯ ಒಂದು ಕಡೆ, ಮಹಾರಾಣಿಯ ಟೇಪಿನ ಪ್ರಕಾರ ಇನ್ನೊಂದು ಕಡೆ.

"ಅಕ್ಕಾ, ನಿಮ್ಮದು ಹೊಲಿಗೆ ಟೇಪು. ಎಳೆದ ಹಾಗೆಲ್ಲ ಹಿಗ್ಗುತ್ತೆ" ಅಂದಳು.

"ನನ್ನ ಟೇಪು ಹಿಗ್ಗಲ್ಲಮ್ಮ. ಕೆಲವರ ಮಾತು ಹಿಗ್ಗುತ್ತೆ" ಅಂದೆ.

ಮೇಸ್ತ್ರಿ ತನ್ನದೇ ಟೇಪು ತೆಗೆದು ಇಬ್ಬರೂ ಹೇಳದ ಕಡೆ ಗುರುತು ಹಾಕಿದ. ದಾರಕ್ಕೆ ಬಣ್ಣದ ಪುಡಿ ಬಳಿದು ಈ ತುದಿಯಿಂದ ಆ ತುದಿಗೆ ಬಿಗಿದು ಚಟ್ಟೆಂದು ಬಿಟ್ಟ. ನೆಲದ ಮೇಲೆ ನೀಲಿ ಗೆರೆ. ಹಿಂದೆ ಬಾಡಿಗೆಯವರಿದ್ದ ಕಾಲದ ಪುಟ್ಟ ಅಡುಗೆಮನೆ ಅವಳಿಗೆ, ದೊಡ್ಡದು ನನಗೆ. ವರಾಂಡಕ್ಕೆ ತೆರೆಯುವ ಎರಡು ಬಾಗಿಲುಗಳಲ್ಲಿ ಒಂದೊಂದು ಒಬ್ಬೊಬ್ಬರಿಗೆ. ಅಂದರೆ ಅವಳ ಮುಖ ನೋಡಬೇಕೆಂದರೆ ನಾನು ವರಾಂಡ ಸುತ್ತಿ ಹೋಗಬೇಕು. ಯಾಕೆ ಹೋಗಲಿ?

ಗೆರೆ ಹಾಕಿದ ಕೂಡಲೇ ಮಹಾರಾಣಿ ತನ್ನ ಚಪ್ಪಲಿಯನ್ನು ಆ ಕಡೆಗೆ ಸರಿಸಿಕೊಂಡಳು. ಅಷ್ಟು ಅವಸರ!

ಮಾರ್ಚ್ 9, ಭಾನುವಾರ

ಇವತ್ತು ನಕ್ಕು ನಕ್ಕು ಸಾಕಾಯಿತು. ಆದರೆ ಒಳಗೊಳಗೇ ನಕ್ಕೆ, ಅವಳ ಮುಂದೆ ನಗುವುದೆಂದರೇನು.

ಬೋರ್ಡು ತಂದ ಲಾರಿಯವನು ಬೀದಿಯಲ್ಲೇ ಇಳಿಸಿ ಹೊರಟುಹೋದ. ಒಂದೊಂದು ಬೋರ್ಡೂ ಆಳಿಗಿಂತ ಎತ್ತರ. ಒಬ್ಬರಿಂದ ಎತ್ತಲಾಗದು, ಮೇಸ್ತ್ರಿಗೆ ಸೊಂಟ ನೋವು. ಹೀಗಾಗಿ ಅಣ್ಣತಮ್ಮಂದಿರೇ ಹೊರಬೇಕಾಯಿತು. ಕೆಳಗಿನ ತುದಿ ನಮ್ಮವರು, ಮೇಲಿನ ತುದಿ ಮೈದುನ. ಮೆಟ್ಟಿಲ ತಿರುವಿನಲ್ಲಿ ಮೊದಲ ಬೋರ್ಡೇ ಸಿಕ್ಕಿಕೊಂಡಿತು.

"ಅವನಿಗೆ ಹೇಳೇ, ಸ್ವಲ್ಪ ಮೇಲಕ್ಕೆ ಎತ್ಲಿ ಅಂತ" ಎಂದು ನಮ್ಮವರು ನನಗೆ ಕೂಗಿದರು.

ನಾನು ಮಹಾರಾಣಿಯ ಜೊತೆ ಮಾತಾಡುವವಳಲ್ಲ. "ಯಾರೋ ಮೇಲಕ್ಕೆ ಎತ್ತಬೇಕಂತೆ" ಎಂದು ಮೆಟ್ಟಿಲ ಕಂಬಿಗೆ ಹೇಳಿದೆ. ಮಹಾರಾಣಿ ಅದನ್ನು ಗಂಡನಿಗೆ ದಾಟಿಸಿದಳು.

"ಎತ್ತಿದ್ರೆ ಮೂಲೆ ಮುರಿಯುತ್ತೆ ಅಂತ ಹೇಳು" ಅಂದ ಅವನು. ಅದು ಅವಳಿಂದ ಕಂಬಿಗೆ, ಕಂಬಿಯಿಂದ ನನಗೆ, ನನ್ನಿಂದ ನಮ್ಮವರ ಮಂದಗಿವಿಗೆ ಬರುವಷ್ಟರಲ್ಲಿ ಮೂಲೆ ಮುರಿದೇ ಹೋಯಿತು.

"ಅಯ್ಯೋ ಪೆದ್ದಾ! ಎಡಕ್ಕೆ ವಾಲಿಸೋ!" ನಮ್ಮವರು ನೇರವಾಗಿ ತಮ್ಮನಿಗೇ ಕೂಗಿದರು.

"ನೀನು ಪೆದ್ದ! ನನ್ನ ಎಡವೋ ನಿನ್ನ ಎಡವೋ?"

ಮಾತಾಡಿಬಿಟ್ಟೆವಲ್ಲ ಎಂದು ಇಬ್ಬರಿಗೂ ಆಮೇಲೆ ಹೊಳೆಯಿತು. ಬಾಯಿಗೆ ಬೀಗ ಹಾಕಿಕೊಂಡರು. ಆದರೆ ಉಳಿದ ಬೋರ್ಡು ಹೊರಬೇಕಲ್ಲ, ಎಷ್ಟು ಹೊತ್ತು ಬೀಗ? ಸಂಜೆಯ ಹೊತ್ತಿಗೆ "ಎತ್ತು", "ಇಳಿಸು", "ಕತ್ತೆ", "ಕೋಣ" ಇಷ್ಟು ಮಾತು ಧಾರಾಳವಾಗಿ ನಡೆಯುತ್ತಿತ್ತು.

ಮಾರ್ಚ್ 12, ಬುಧವಾರ

ಮೇಸ್ತ್ರಿ ಕೈಕೊಟ್ಟ. ಚೌಕಟ್ಟು ನಿಲ್ಲಿಸಿದ, ಒಂದು ಬೋರ್ಡು ಕೊಯ್ದು ಹೊಡೆದು ತೋರಿಸಿದ, ನಾಳೆ ಬರುತ್ತೇನೆಂದು ಹೋದ. ಇವತ್ತು ಫೋನ್ ಮಾಡಿದರೆ, "ದೊಡ್ಡ ಹೋಟೆಲಿನ ಕೆಲಸ ಸಿಕ್ತಮ್ಮ, ಎರಡು ತಿಂಗಳು ಬಿಟ್ಟು ಬರ್ತೀನಿ" ಅನ್ನುತ್ತಾನೆ! ಬೇರೆಯವರನ್ನು ಕೇಳಿದ್ದಾಯಿತು, ಎಲ್ಲರಿಗೂ ಪುರುಸೊತ್ತಿಲ್ಲ.

ಹಜಾರದ ನಡುವೆ ತಗಡಿನ ಪಂಜರ ನಿಂತಿದೆ. ಆ ಕಡೆ ಅವಳು ಕೇಕಿಗೆ ಕ್ರೀಮು ಬಳಿಯುತ್ತಾಳೆ, ಈ ಕಡೆ ನಾನು ಕಾಲರ್ ಹೊಲಿಯುತ್ತೇನೆ. ಕಂಬಿಗಳ ನಡುವೆ ಒಬ್ಬರನ್ನೊಬ್ಬರು ನೋಡುತ್ತಾ, ನೋಡದ ಹಾಗೆ ಮಾಡುತ್ತಾ. ಪಂಜರದಲ್ಲಿರುವುದು ಅವಳೋ ನಾನೋ ತಿಳಿಯದು.

ನಾನೇ ಹೊಡೆಯುತ್ತೇನೆ. ಕೋಟು ಹೊಲಿಯುವವಳಿಗೆ ಗೋಡೆ ಯಾವ ಮಹಾ! ಅಳೆಯುವುದು, ಕತ್ತರಿಸುವುದು, ಜೋಡಿಸುವುದು. ಬಟ್ಟೆಯಾದರೆ ಜಾರುತ್ತದೆ, ಬೋರ್ಡು ಪಾಪ ಹೇಳಿದಲ್ಲಿ ನಿಲ್ಲುತ್ತದೆ.

ಮಾರ್ಚ್ 15, ಶನಿವಾರ

ಹೇಳಿದಲ್ಲಿ ನಿಲ್ಲುವುದಿಲ್ಲ.

ನಮ್ಮವರು ಬಸ್ಸಿಗೆ ಹೋಗಿದ್ದರು, ಮೈದುನ ಗೊರಕೆ ಹೊಡೆಯುತ್ತಿದ್ದ. ಬೋರ್ಡು ಕೊಯ್ಯುವುದು ಸುಲಭ: ಮುಂದಿನ ಕಾಗದಕ್ಕೆ ಬ್ಲೇಡು ಎಳೆದು, ಮಂಡಿ ಕೊಟ್ಟು ಲಟಕ್ಕನೆ ಮುರಿದು, ಹಿಂದಿನ ಕಾಗದ ಸೀಳಿದರೆ ಮುಗಿಯಿತು. ಕತ್ತರಿಯೂ ಬೇಡ. ಖುಷಿಯಿಂದ ಎತ್ತಿ ಚೌಕಟ್ಟಿಗೆ ಆನಿಸಿದೆ. ಒಂದು ಕೈಯಲ್ಲಿ ಬೋರ್ಡು, ಇನ್ನೊಂದರಲ್ಲಿ ಡ್ರಿಲ್ಲು, ಸ್ಕ್ರೂ ಬಾಯಲ್ಲಿ. ಮೇಲಿನ ತುದಿ ನನ್ನ ತಲೆಯ ಮೇಲೆ ವಾಲಿತು. ಬಿಟ್ಟರೆ ಬೀಳುತ್ತದೆ, ಬಿಡದಿದ್ದರೆ ಸ್ಕ್ರೂ ಹಾಕಲಾಗದು. ಬಾಯಲ್ಲಿ ಸ್ಕ್ರೂ ಇದ್ದುದರಿಂದ ಬೈಯಲೂ ಆಗಲಿಲ್ಲ. ಹಾಗೇ ನಿಂತೆ, ಛತ್ರಿ ಹಿಡಿದವಳ ಹಾಗೆ.

ಪಂಜರದ ಆಚೆಯಿಂದ ಮಹಾರಾಣಿ ಚಹಾ ಕುಡಿಯುತ್ತಾ ಪೂರ್ತಿ ನೋಡಿದಳು. ಲೋಟ ಕೆಳಗಿಟ್ಟು, ವರಾಂಡ ಸುತ್ತಿ ಬಂದು, ಲಟ್ಟಣಿಗೆಯ ಮೇಲೆ ಒಂದು ಹಲಗೆ ಇಟ್ಟು ಬೋರ್ಡಿನ ಅಡಿಗೆ ತೂರಿಸಿ ಕಾಲಿನಿಂದ ಒತ್ತಿದಳು. ಬೋರ್ಡು ತಾನಾಗಿ ಮೇಲೆದ್ದು ನಿಂತಿತು. ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ಹೂಂ, ಹಾಕಿ ಅಕ್ಕ" ಅಂದಳು.

ಹಾಕಲು ಹೋದರೆ ಬೋರ್ಡು ಪಕ್ಕದ ಬೋರ್ಡಿನ ಮೇಲೆ ಹತ್ತಿ ಕೂತಿತ್ತು. ಇನ್ನೊಂದನ್ನು ಆನಿಸಿ ನೋಡಿದೆವು, ಅದೂ ಹಾಗೇ. ಬೆಳಿಗ್ಗೆ ಕೊಯ್ದಿಟ್ಟಿದ್ದು ಒಂದೊಂದೂ ಅರ್ಧ ಇಂಚು ಹೆಚ್ಚು! ಆಗ ಹೊಳೆಯಿತು. ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ, ಪ್ರತಿ ಬೋರ್ಡಿಗೂ ಹೊಲಿಗೆಯ ಮಾರ್ಜಿನ್ ಬಿಟ್ಟಿದ್ದೆ.

ಬಾಯಲ್ಲಿದ್ದ ಸ್ಕ್ರೂ ತೆಗೆದು ಅದನ್ನು ಮಹಾರಾಣಿಗೆ ಹೇಳಿದೆ. "ಅಕ್ಕಾ, ಗೋಡೆ ಏನು, ತೊಳೆದ್ರೆ ಕುಗ್ಗುತ್ತಾ?"

ನನಗೆ ಸಿಟ್ಟು ಬರಬೇಕಿತ್ತು. ನಗು ಬಂತು. "ಇಲ್ಲಮ್ಮ, ಮುಂದೆ ದಪ್ಪ ಆದ್ರೆ ಬಿಚ್ಚಿಕೊಳ್ಳೋಕೆ ಬೇಕಲ್ಲ" ಅಂದೆ. ಅವಳು ಹಿಡಿದಿದ್ದ ಬೋರ್ಡು ಬಿಟ್ಟು ನೆಲಕ್ಕೆ ಕೂತು ನಕ್ಕಳು. ಬೋರ್ಡು ಇಬ್ಬರ ಮೇಲೂ ಬಿತ್ತು. ಅದರಡಿಯಲ್ಲೂ ನಗುತ್ತಿದ್ದೆವು. ಮೈದುನ ನಿದ್ದೆಯಿಂದ ಎದ್ದು ಬಂದು, ಯಾರಿಗೇನಾಯಿತೋ ಎಂದು ಗಾಬರಿಯಾದ.

ಹೆಚ್ಚು ಕೊಯ್ದದ್ದನ್ನು ಕಮ್ಮಿ ಮಾಡಬಹುದು, ಕಮ್ಮಿ ಕೊಯ್ದಿದ್ದರೆ ದೇವರೇ ಗತಿ. ಹಾಗೆಂದು ಅವಳೇ ಹೇಳಿದಳು. ಅದೊಂದು ಮಾತು ಸರಿಯಾಗಿ ಹೇಳಿದಳು.

ಮಾರ್ಚ್ 16, ಭಾನುವಾರ

ಮೂರು ಬೋರ್ಡು ನಿಂತವು. ಸ್ಕ್ರೂ ಹಾಕುವ ಹದ ಗುಂಡಿ ಹೊಲಿಯುವ ಹದವೇ, ತಲೆ ಒಳಗೆ ಇಳಿಯಬೇಕು, ಕಾಗದ ಹರಿಯಬಾರದು. ರಾಣಿಗೆ ಡ್ರಿಲ್ಲು ಕೊಟ್ಟೆ, ಎರಡು ಕಡೆ ಕಾಗದ ಹರಿದಳು. ಬೈದೆ. ಒಣಗಿಹೋದ ಕೇಕಿನ ಅಂಚು ಕೊಟ್ಟು ಬಾಯಿ ಮುಚ್ಚಿಸಿದಳು. ಚೆನ್ನಾಗಿತ್ತು.

ಮಾರ್ಚ್ 20, ಗುರುವಾರ

ಇವತ್ತು ನಾನು ಮಾಡಿದ ಘನಕಾರ್ಯ ಬರೆದಿಡದಿದ್ದರೆ ರಾತ್ರಿ ನಿದ್ದೆ ಬರದು.

ದೀಪದ ಸ್ವಿಚ್ಚಿಗೆ ಬೋರ್ಡಿನಲ್ಲಿ ಚೌಕ ತೂತು ಬೇಕು. ಎರಡು ಸಲ ಅಳೆದೆ. ಗುರುತು ಹಾಕುವಾಗ ಮಾತ್ರ, ಬಟ್ಟೆಗೆ ಯಾವಾಗಲೂ ಹಾಕುವ ಹಾಗೆ ಉಲ್ಟಾ ಪಕ್ಕಕ್ಕೆ ಹಾಕಿದೆ. ಸೀದಾ ಪಕ್ಕದಲ್ಲಿ ಚಾಕ್ ಗುರುತು ಕಂಡರೆ ಗಿರಾಕಿ ಸುಮ್ಮನಿರುತ್ತಾನೆಯೇ? ನೀಟಾಗಿ ಗುಂಡಿಮನೆ ಕತ್ತರಿಸಿದ ಹಾಗೆ ಕತ್ತರಿಸಿದೆ. ತಿರುಗಿಸಿ ನಿಲ್ಲಿಸಿದರೆ, ಸ್ವಿಚ್ಚಿನ ಡಬ್ಬಿ ಎಡಗಡೆ, ನನ್ನ ತೂತು ಬಲಗಡೆ!

ಅತ್ತುಬಿಟ್ಟೆ. ನಿಜವಾಗಿ. ಉಳಿದ ಬೋರ್ಡು ಲೆಕ್ಕಕ್ಕೆ ಸರಿಯಾಗಿತ್ತು, ಒಂದೂ ಹಾಳು ಮಾಡುವ ಹಾಗಿರಲಿಲ್ಲ. ಮನೆ ಹೋಯಿತು, ಗಿರಾಕಿ ಹೋಯಿತು, ಎಲ್ಲ ನನ್ನಿಂದಲೇ ಎಂದು ಗೋಳಾಡಿದೆ.

"ಅಯ್ಯೋ, ಒಂದು ತೂತಿಗೆ ಇಷ್ಟು ಅಳ್ತಾರಾ? ಬಟ್ಟೆ ಹರಿದ್ರೆ ಏನ್ಮಾಡ್ತೀರಿ?" ಅಂದಳು ರಾಣಿ.

"ತೇಪೆ ಹಾಕ್ತೀನಿ."

"ಹಾಕಿ. ಕಾಣದ ಹಾಗೆ ಮಾಡೋದು ನನಗೆ ಬಿಡಿ."

ಕೊಯ್ದ ತುಂಡನ್ನೇ ಹಿಂದಿನಿಂದ ಒಂದು ಪಟ್ಟಿ ಕೊಟ್ಟು ಕೂರಿಸಿದೆ, ಸರಿಯಾದ ಕಡೆ ಹೊಸ ತೂತು ಕೊಯ್ದೆ. ರಾಣಿ ಪುಟ್ಟಿ ಕಲೆಸಿದಳು, ನೀರು ಸ್ವಲ್ಪ ಸ್ವಲ್ಪವೇ, ಕ್ರೀಮಿನ ಹದಕ್ಕೆ. ತನ್ನ ಕೇಕಿನ ಉದ್ದ ಚಪ್ಪಟೆ ಚಾಕು ತಂದಳು. ಸಂದಿಗೆ ಕಾಗದದ ಟೇಪು ಅಂಟಿಸಿ, ಒಂದು ಪದರ ಎಳೆದು, ಒಣಗಲು ಬಿಟ್ಟು, ಇನ್ನೂ ಅಗಲಕ್ಕೆ ಮತ್ತೊಂದು ಎಳೆದಳು. ಏನು ಕೈ ಅದು! ಮಣಿಕಟ್ಟು ಅಲ್ಲಾಡುವುದೇ ಇಲ್ಲ. ಕೈಯಾಡಿಸಿ ನೋಡಿದೆ, ಹಳೆಯ ತೂತು ಎಲ್ಲಿತ್ತೆಂದೇ ಸಿಗಲಿಲ್ಲ. ಇಷ್ಟು ವರ್ಷ ಕೇಕಿಗೆ ಸುಣ್ಣ ಹೊಡೆಯುತ್ತಾಳೆ ಎಂದು ಆಡಿಕೊಳ್ಳುತ್ತಿದ್ದೆ. ಇನ್ನು ಆಡಿಕೊಳ್ಳುವುದಿಲ್ಲ, ಹಾಗೆಂದು ಅವಳಿಗೆ ಹೇಳುವುದೂ ಇಲ್ಲ.

ಮಾರ್ಚ್ 23, ಭಾನುವಾರ

ಉಣ್ಣೆ ತುರುಕಿದೆವು. ಕೈ, ಕುತ್ತಿಗೆ, ಬೆನ್ನು, ಎಲ್ಲೆಲ್ಲೂ ತುರಿಕೆ. ರಾಣಿ ನನ್ನ ಬೆನ್ನು ಕೆರೆದಳು, ನಾನು ಅವಳದು. ಹೆಚ್ಚು ಬರೆಯಲಾರೆ.

ಮಾರ್ಚ್ 28, ಶುಕ್ರವಾರ

ಎರಡನೆಯ ಪಕ್ಕವೂ ಮುಚ್ಚಿತು. ಗೋಡೆ ಗೋಡೆಯಾಯಿತು.

ಪರೀಕ್ಷೆ ಮಾಡಲೇಬೇಕೆಂದು ನಮ್ಮವರು ಹಟ ಹಿಡಿದರು. ಮೈದುನನನ್ನು ಆ ಕಡೆ ಹಾಸಿಗೆಯಲ್ಲಿ ಮಲಗಿಸಿ, ಈ ಕಡೆ ಟಿವಿ ಪೂರ್ತಿ ಜೋರು ಮಾಡಿದರು. ನಾನು ಮಿಷನ್ ತುಳಿದೆ. ನಮ್ಮವರು ಗೋಡೆಗೆ ಬಾಯಿ ಹಚ್ಚಿ "ಕೇಳ್ತಾ?" ಎಂದು ಕೂಗಿದರು. ಉತ್ತರವಿಲ್ಲ. "ಲೋ, ಕೇಳ್ತೇನೋ?" ಇಲ್ಲ. ನಮ್ಮವರ ಮುಖ ಸಪ್ಪಗಾಯಿತು. "ಇನ್ನೂ ಸಿಟ್ಟು ಹೋಗಿಲ್ಲ ಅವನಿಗೆ" ಅಂದರು.

ವರಾಂಡ ಸುತ್ತಿ ಹೋಗಿ ನೋಡಿದರೆ ಅವನು ಬಾಯಿ ತೆರೆದು ಮಲಗಿದ್ದ. ಪರೀಕ್ಷೆ ಶುರುವಾಗುವ ಮುಂಚೆಯೇ ನಿದ್ದೆ ಹೋಗಿದ್ದನಂತೆ. ನಮ್ಮವರು ಹಾಸಿಗೆಯ ಪಕ್ಕ ಬಗ್ಗಿ ನೋಡಿದರು.

"ಹಗಲು ಇವನು ಹೀಗೆ ಮಲಗಿದ್ದು ನಾನು ನೋಡೇ ಇಲ್ಲ ಕಣೇ. ಎಷ್ಟು ಸುಸ್ತಾಗಿದ್ದಾನೆ ನೋಡು. ನಾನೊಬ್ಬ ಕತ್ತೆ" ಅಂದರು. ಹೊದಿಕೆ ಎಳೆದು ಹೊದಿಸಿದರು. ಬಂದು ಟಿವಿಯ ಸದ್ದು ಕಮ್ಮಿ ಮಾಡಿದರು. ಗೋಡೆ ಇದೆಯಲ್ಲ ಅಂದೆ. "ಇರ್ಲಿ ಬಿಡು" ಅಂದರು.

ಏಪ್ರಿಲ್ 1, ಮಂಗಳವಾರ

ಪುಟ್ಟಿ ಉಜ್ಜಿ ಬಣ್ಣ ಹೊಡೆದದ್ದಾಯಿತು. ನನ್ನ ಕಡೆ ತಿಳಿ ಹಳದಿ, ರಾಣಿಯ ಕಡೆ ತಿಳಿ ಹಸಿರು. ನಾವು ಕಟ್ಟಿದ ಗೋಡೆ! ಎಲ್ಲಿಂದ ನೋಡಿದರೂ ನುಣ್ಣಗಿದೆ, ಹತ್ತಿರದಿಂದಲೂ. ಬಟ್ಟೆ ಕೊಡಲು ಬಂದವರಿಗೆಲ್ಲ ಬಡಿದು ತೋರಿಸಿದೆ. ಒಬ್ಬರು ಅಳತೆ ಕೊಡುವುದನ್ನೇ ಮರೆತು ಹೋದರು.

ಏಪ್ರಿಲ್ 2, ಬುಧವಾರ

ಎಷ್ಟು ಶಾಂತಿ! ಮಿಕ್ಸರಿನ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ. ಬೇಕಾದದ್ದೇ ಇದು.

ಸ್ವಲ್ಪ ಹೆಚ್ಚೇ ಶಾಂತಿ. ಹತ್ತು ಗಂಟೆಯಾದರೂ ಏನೂ ಕೇಳಿಸದಿದ್ದಾಗ, ಬದುಕಿದ್ದಾಳೋ ಇಲ್ಲವೋ ಎಂದು ಹೋಗಿ ನೋಡಿ ಬಂದೆ. ಬದುಕಿದ್ದಳು. ಸೂಜಿ ಇದೆಯಾ ಎಂದು ಕೇಳಿದೆ. ದರ್ಜಿ ಬಂದು ಕೇಕಿನವಳ ಹತ್ತಿರ ಸೂಜಿ ಕೇಳುವುದು! ಅವಳು ನಗದೆ ಕೊಟ್ಟಳು. ಮಧ್ಯಾಹ್ನ ಗ್ಯಾಸಿನ ವಾಸನೆ ಬಂದ ಹಾಗಾಯಿತು, ಹೋದೆ. ಬಂದಿರಲಿಲ್ಲ. ಸಂಜೆ ಅವಳು ಸೂಜಿ ವಾಪಸು ಬೇಕೆಂದು ಬಂದು ದೀಪ ಹಚ್ಚುವವರೆಗೂ ಕೂತಿದ್ದಳು. ಸೂಜಿಯನ್ನು ಇಲ್ಲೇ ಬಿಟ್ಟು ಹೋದಳು.

ಏಪ್ರಿಲ್ 5, ಶನಿವಾರ

ನಾಳೆ ಅತ್ತೆ ಬರುತ್ತಾರೆ. ಕಿಟಕಿಯ ಪಕ್ಕದಿಂದ ಕತ್ತರಿಸುವ ಮೇಜು ಸರಿಸಿದೆ. ಮಂಚ ಅಲ್ಲಿ ಸರಿಯಾಗಿ ಕೂರುತ್ತದೆ, ತಲೆದಿಂಬಿಗೆ ಹೊಸ ಕವರೂ ಹೊಲಿದೆ. ಮಂಚ ಆ ಕಡೆ ಹೋಗಬೇಕು ಎಂದಿತ್ತಲ್ಲ ಎಂದು ನಮ್ಮವರು ಕೇಳಿದರು. ಯಾರು ಹೇಳಿದ್ದು? ನಾನಂತೂ ಹೇಳಿದ ನೆನಪಿಲ್ಲ.

ಏಪ್ರಿಲ್ 6, ಭಾನುವಾರ

ಇವತ್ತಿನಷ್ಟು ದೊಡ್ಡ ಜಗಳ ಈ ಮನೆಯಲ್ಲಿ ಆಗಿರಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ, ಗೋಡೆಯ ಕೆಲಸಕ್ಕೆಂದು ವರಾಂಡಕ್ಕೆ ಹಾಕಿದ್ದ ಅತ್ತೆಯ ಮಂಚ ತಾನೇ ನಡೆದು ಹೋಗುತ್ತಿದೆ! ನೋಡಿದರೆ ಆ ತುದಿಯಲ್ಲಿ ನಮ್ಮ ರಾಣಿ, ತನ್ನ ಬಾಗಿಲಿಗೆ ಎಳೆಯುತ್ತಿದ್ದಾಳೆ. ಓಡಿ ಹೋಗಿ ಈ ತುದಿ ಹಿಡಿದೆ.

"ಏಯ್, ಎಲ್ಲಿಗೆ ತಗೊಂಡು ಹೋಗ್ತಿದೀಯ?"

"ನನ್ನ ಕಡೆಗೆ. ಜಾಗ ಮಾಡಿದೀನಿ. ನಿಮ್ಮ ಮಿಷನ್ ಸದ್ದಿಗೆ ಅವರಿಗೆ ನಿದ್ದೆ ಬರುತ್ತಾ?"

"ಇಪ್ಪತ್ತು ವರ್ಷ ಅದೇ ಜೋಗುಳ ಅವರಿಗೆ! ಅದಿಲ್ಲದೆ ಮಗಳ ಮನೇಲಿ ಕಣ್ಣು ಮುಚ್ಚಿರಲ್ಲ, ಬೇಕಾದ್ರೆ ಕೇಳು."

"ಹಲ್ಲಿಲ್ಲದ ಬಾಯಿಗೆ ಮೆತ್ತಗೆ ಏನಾದ್ರೂ ಬೇಕಲ್ಲ, ನಿಮ್ಮ ಹತ್ತಿರ ದಾರದುಂಡೆ ಬಿಟ್ಟು ಇನ್ನೇನಿದೆ?"

"ನನಗೆ ಅಡುಗೆ ಬರಲ್ವಾ? ನಿನ್ನ ಗಂಡನ್ನ ಸಾಕಿದ್ದು ಯಾರು ಹಾಗಾದ್ರೆ?"

"ಇಷ್ಟು ವರ್ಷ ನೀವು ಇಟ್ಕೊಂಡಿದ್ದಾಯ್ತು, ಇನ್ನು ನನ್ನ ಸರದಿ. ಬಿಡಿ ಅಕ್ಕ!"

"ಬಿಡಲ್ಲ!"

ನಮ್ಮವರು ನನ್ನ ಪರ, ಮೈದುನ ಹೆಂಡತಿಯ ಪರ, ಇಬ್ಬರೂ ಮಂಚದ ಒಂದೊಂದು ಪಕ್ಕ ಹಿಡಿದರು. "ಎತ್ತು!" "ಇಳಿಸು!" "ಕತ್ತೆ!" ಆ ಗಲಾಟೆಯಲ್ಲಿ ಮೆಟ್ಟಿಲು ಹತ್ತಿ ಬಂದವರು ನಮಗೆ ಕಾಣಲೇ ಇಲ್ಲ. ಅತ್ತೆ ಚೀಲ ಹಿಡಿದು ನಿಂತಿದ್ದರು, ಹಿಂದೆ ಕೈಯಲ್ಲಿ ಚಪ್ಪಲಿ ಹಿಡಿದ ದಲ್ಲಾಳಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಮುಗಿಯಿತು ಅಂದುಕೊಂಡೆ. ಮಂಚಕ್ಕೊಂದು ಜಾಗ ಆಗಿರಬೇಕೆಂದು ಹೇಳಿ ಹೋದವರು, ಬರುತ್ತಲೇ ಜಗಳವನ್ನೇ ನೋಡಿದರಲ್ಲ.

ಅತ್ತೆ ಒಳಗೆ ಹೋಗಿ ನನ್ನ ಕಡೆಯ ಗೋಡೆ ಸವರಿದರು. ಸುತ್ತಿ ಹೋಗಿ ರಾಣಿಯ ಕಡೆಯದೂ ಸವರಿದರು. ಕಿಟಕಿಯ ಪಕ್ಕ ನಾನು ಖಾಲಿ ಮಾಡಿದ ಜಾಗ ನೋಡಿದರು, ಅಲ್ಲಿ ರಾಣಿ ಖಾಲಿ ಮಾಡಿದ ಜಾಗವನ್ನೂ ನೋಡಿದರು. ಹೊರಗೆ ಬಂದರು.

"ಮಂಚ ಕೆಳಗಿಡ್ರೋ, ಕಾಲು ನೋಯ್ತಿದೆ" ಅಂದರು. ಇಟ್ಟೆವು. ಎರಡು ಬಾಗಿಲುಗಳ ನಡುವೆ, ವರಾಂಡದಲ್ಲೇ ಅದರ ಮೇಲೆ ಕೂತರು. "ಹೂಂ, ಈಗ ಮುಂದುವರಿಸಿ. ಮೊದಲಿಂದ ಹೇಳಿ, ಕೇಳೋಕೆ ಚೆನ್ನಾಗಿತ್ತು."

ನನಗೆ ಅಳು ತಡೆಯಲಾಗಲಿಲ್ಲ. ಅವರ ಮಡಿಲಲ್ಲಿ ಮುಖ ಇಟ್ಟೆ. ಅವತ್ತು ಗಾಳಿ ಅಂದದ್ದು ತಪ್ಪಾಯಿತು ಎಂದೆ. ರಾಣಿ ಆಚೆ ಪಕ್ಕದಿಂದ ತಾನೂ ಬಂದು ಒರಗಿ, ನನಗಿಂತ ಜೋರಾಗಿ ಅತ್ತಳು. ಅದರಲ್ಲೂ ಪೈಪೋಟಿ.

ದಲ್ಲಾಳಿ ಪಾಪ, ಗಂಟಲು ಸರಿಮಾಡಿಕೊಂಡ. "ಅಮ್ಮ, ಮನೆ ಒಳಗೆ ಒಂದ್ಸಲ ನೋಡ್ಲಾ?"

"ಬೇಡಪ್ಪ, ಮಾರೋಕಾಗಲ್ಲ. ಆಸ್ತಿ ವ್ಯಾಜ್ಯದಲ್ಲಿದೆ."

"ಅಯ್ಯೋ, ಮೊದಲೇ ಹೇಳಬಾರದಾ? ಯಾವ ಆಸ್ತಿ?"

ಅತ್ತೆ ಎರಡು ಕೈಯನ್ನೂ ನಮ್ಮಿಬ್ಬರ ತಲೆಯ ಮೇಲೆ ಇಟ್ಟರು. "ಕಾಣ್ತಿಲ್ವಾ? ಎದುರಿಗೇ ಕೂತಿದೀನಲ್ಲ."

ಅವನು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ. ಮಂಚ ಇನ್ನೂ ವರಾಂಡದಲ್ಲೇ ಇದೆ. ರಾಣಿ ತನ್ನ ತುದಿ ಬಿಟ್ಟಿಲ್ಲ, ನಾನೂ ಬಿಡುವವಳಲ್ಲ.